ವಾಹನ ನಿಲುಗಡೆ: ಶುಲ್ಕ ಯಾರು ಕೇಳಬಹುದು, ದಂಡ ಯಾರು ಹಾಕಬಹುದು?

ಮುಂಡಗೋಡ: ದೊಡ್ಡ ಆಸ್ಪತ್ರೆ, ದೊಡ್ಡ ಮಾರುಕಟ್ಟೆ, ರೈಲು ನಿಲ್ದಾಣ ಎಲ್ಲದಕ್ಕೂ ಮುಂಡಗೋಡ ತಾಲ್ಲೂಕಿನ ಜನ ಹುಬ್ಬಳ್ಳಿಯ ಹಾದಿ ಹಿಡಿಯುವುದು ವಾಡಿಕೆ. ಊರು ತಲುಪಿ ಬೈಕು ನಿಲ್ಲಿಸುತ್ತಿದ್ದಂತೆ ಯಾರೋ ಒಬ್ಬರು ಬಂದು ಚೀಟಿ ಹರಿದು ಕೈಗಿಡುತ್ತಾರೆ. ಚೀಟಿಯ ಮೇಲೆ ವಸೂಲಿದಾರರ ಹೆಸರಿರುವುದಿಲ್ಲ. 'ವಾಹನಕ್ಕೆ ಮಾಲೀಕರೇ ಹೊಣೆ' ಎಂಬ ಸಾಲು ಮಾತ್ರ ತಪ್ಪದೇ ಇರುತ್ತದೆ. ಹಿಂದಿರುಗುವಾಗ ಆ ಚೀಟಿ ಕಳೆದುಹೋಗಿದ್ದರೆ ನೂರು, ಇನ್ನೂರು ರೂಪಾಯಿ 'ದಂಡ'ದ ಬೇಡಿಕೆ. ರೋಗಿಯನ್ನು ಕರೆತಂದವರಿಗೆ, ಬಸ್ಸು-ರೈಲಿನ ಅವಸರದಲ್ಲಿರುವವರಿಗೆ ವಾದಿಸಲು ವ್ಯವಧಾನವಿರುವುದಿಲ್ಲ. ಕೇಳಿದಷ್ಟು ಕೊಟ್ಟು ಹೊರಡುತ್ತಾರೆ.

ಇಲ್ಲಿ ಪ್ರಶ್ನೆ ಹತ್ತು ರೂಪಾಯಿಯದಲ್ಲ. ಹಣ ಪಡೆಯುವವರಿಗೆ ಆ ಅಧಿಕಾರ ಎಲ್ಲಿಂದ ಬಂತು, ಹಣ ಪಡೆದ ಮೇಲೆ ಅವರ ಹೊಣೆ ಏನು ಎಂಬುದು ಮುಖ್ಯ. ಕಾನೂನಿನ ನಿಲುವು ಸ್ಥೂಲವಾಗಿ ಹೀಗಿದೆ: ಖಾಸಗಿಯವರು ತಮ್ಮ ಜಾಗಕ್ಕೆ, ತಮ್ಮ ಸೇವೆಗೆ ಶುಲ್ಕ ಕೇಳಬಹುದು, ಆದರೆ ದಂಡ ವಿಧಿಸುವಂತಿಲ್ಲ. ಶುಲ್ಕ ಪಡೆದವರು ಹೊಣೆಯಿಂದ ಸುಲಭವಾಗಿ ನುಣುಚಿಕೊಳ್ಳುವಂತೆಯೂ ಇಲ್ಲ.

ಶುಲ್ಕ ಬೇರೆ, ದಂಡ ಬೇರೆ

ಶುಲ್ಕವೆಂದರೆ ಸೇವೆಯ ಬೆಲೆ. ದರಫಲಕ ಹಾಕಿ, ಅದನ್ನು ನೋಡಿ ಒಳಬಂದ ಸವಾರರಿಂದ ಆ ಬೆಲೆ ಪಡೆಯುವುದು ಒಂದು ಒಪ್ಪಂದ. ಈ ವ್ಯವಹಾರ 1872ರ ಭಾರತೀಯ ಒಪ್ಪಂದ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ದಂಡವೆಂದರೆ ಕಾನೂನು ಉಲ್ಲಂಘನೆಗೆ ವಿಧಿಸುವ ಶಿಕ್ಷೆ. ಅದನ್ನು ವಿಧಿಸಲು ಶಾಸನದ ಬಲ ಬೇಕು. ಮೋಟಾರು ವಾಹನ ಕಾಯ್ದೆ 1988ರಡಿ ಆ ಅಧಿಕಾರವಿರುವುದು ನ್ಯಾಯಾಲಯಕ್ಕೆ, ಹಾಗೂ ಸರ್ಕಾರ ಅಧಿಕಾರ ನೀಡಿದ ಪೊಲೀಸ್ ಮತ್ತು ಸಾರಿಗೆ ಅಧಿಕಾರಿಗಳಿಗೆ. ಕಟ್ಟಡದ ಕಾವಲುಗಾರರಾಗಲಿ, ನಿಲುಗಡೆ ಗುತ್ತಿಗೆದಾರರ ನೌಕರರಾಗಲಿ ಈ ಪಟ್ಟಿಯಲ್ಲಿಲ್ಲ.

ಹಾಗಿದ್ದರೆ 'ಚೀಟಿ ಕಳೆದರೆ 200 ರೂ. ದಂಡ' ಎಂಬ ಫಲಕದ ಅರ್ಥವೇನು? ಅದನ್ನು ಹೆಚ್ಚೆಂದರೆ ಒಪ್ಪಂದದ ಒಂದು ಷರತ್ತು ಎನ್ನಬಹುದು. ಒಪ್ಪಂದ ಕಾಯ್ದೆಯ 74ನೇ ಕಲಂ ಪ್ರಕಾರ, ಒಪ್ಪಂದ ಮುರಿದವರಿಂದ ಮೊದಲೇ ನಮೂದಿಸಿದ ಮೊತ್ತವನ್ನು ಮೀರದಂತೆ ಸಮಂಜಸ ಪರಿಹಾರವನ್ನಷ್ಟೇ ಪಡೆಯಬಹುದು. ನಮೂದಿಸಿದ ಪೂರ್ಣ ಮೊತ್ತ ತಾನಾಗಿಯೇ ಸಲ್ಲುವುದಿಲ್ಲ. ಕೈಲಾಸ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಜನವರಿಯಲ್ಲಿ ಈ ಕಲಮನ್ನು ವಿವರಿಸಿ, ಪರಿಹಾರ ಕೇಳಲು ನಷ್ಟ ಅಥವಾ ಹಾನಿ ಸಂಭವಿಸಿರಲೇಬೇಕು ಎಂದು ಹೇಳಿದೆ. ಚೀಟಿ ಕಳೆದರೂ ವಾಹನದ ನೋಂದಣಿ ಪತ್ರ ತೋರಿಸಿ ಮಾಲೀಕತ್ವ ದೃಢಪಡಿಸಬಹುದಾದಾಗ, ನಿಲುಗಡೆ ಶುಲ್ಕದ ಹತ್ತಾರು ಪಟ್ಟು ಹಣ ಕೇಳುವುದಕ್ಕೆ ಸಮರ್ಥನೆ ದುರ್ಬಲ. ಆದರೆ ಮಾಲೀಕತ್ವದ ಪುರಾವೆ ಕೇಳುವುದು ವಸೂಲಿದಾರರ ತಪ್ಪಲ್ಲ. ವಾಹನ ಕಳುವಾಗದಂತೆ ತಡೆಯುವ ಕ್ರಮವೇ ಅದು.

ಜಾಗ ಯಾರದು?

ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಬದಲಾದಂತೆ ಸವಾರರ ಹಕ್ಕೂ, ದೂರು ನೀಡುವ ಕಚೇರಿಯೂ ಬದಲಾಗುತ್ತವೆ.

ಮೊದಲನೆಯದು ಸಾರ್ವಜನಿಕ ರಸ್ತೆ. ಇಲ್ಲಿ ಯಾವ ಖಾಸಗಿ ವ್ಯಕ್ತಿಯೂ ಸ್ವಂತ ಇಚ್ಛೆಯಿಂದ ಶುಲ್ಕ ಪಡೆಯುವಂತಿಲ್ಲ. ನಿಲುಗಡೆ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 117ನೇ ಕಲಂ ರಾಜ್ಯ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಪ್ರಾಧಿಕಾರಕ್ಕೆ ಕೊಟ್ಟಿದೆ. ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಅದನ್ನು ಚಲಾಯಿಸಬೇಕು.

ಎರಡನೆಯದು ಸ್ಥಳೀಯ ಸಂಸ್ಥೆ ಗುತ್ತಿಗೆಗೆ ಕೊಟ್ಟ ಜಾಗ. ದಾಂಡೇಲಿಯಲ್ಲಿ ನಗರಸಭೆ, ಹಳಿಯಾಳದಲ್ಲಿ ಪುರಸಭೆ, ಮುಂಡಗೋಡದಲ್ಲಿ ಪಟ್ಟಣ ಪಂಚಾಯಿತಿ ಇವೆ. ಈ ಮೂರಕ್ಕೂ ಕರ್ನಾಟಕ ಪೌರಸಭೆಗಳ ಕಾಯ್ದೆ 1964 ಅನ್ವಯಿಸುತ್ತದೆ. ತಾಲ್ಲೂಕು ಕೇಂದ್ರವಾದರೂ ಜೋಯಿಡಾದಲ್ಲಿರುವುದು ಗ್ರಾಮ ಪಂಚಾಯಿತಿ. ಉಳವಿಯ ಚನ್ನಬಸವೇಶ್ವರ ಜಾತ್ರೆಯಂತಹ ಸಂದರ್ಭಗಳಲ್ಲಿ ಸಾವಿರಾರು ವಾಹನಗಳು ಬರುವ ಈ ತಾಲ್ಲೂಕಿನ ಗ್ರಾಮೀಣ ಭಾಗಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ ಅನ್ವಯ. ವಸೂಲಿಯನ್ನು ಗುತ್ತಿಗೆಗೆ ಕೊಟ್ಟಲ್ಲಿ ದರ, ಅವಧಿ ಮತ್ತು ಷರತ್ತುಗಳು ಕರಾರುಪತ್ರದಲ್ಲಿ ಇರುತ್ತವೆ. ಅದನ್ನು ಮೀರಿ ಒಂದು ರೂಪಾಯಿ ಪಡೆದರೂ ಅದು ಷರತ್ತಿನ ಉಲ್ಲಂಘನೆ. ಗುತ್ತಿಗೆ ಅವಧಿ ಮುಗಿದ ಮೇಲೂ ವಸೂಲಿ ಮುಂದುವರಿದರೆ ಅದಕ್ಕೆ ಆಧಾರವೇ ಇಲ್ಲ.

ಮೂರನೆಯದು ಪೂರ್ಣ ಖಾಸಗಿ ಜಾಗ. ಜಾತ್ರೆಯ ಹೊತ್ತಿನಲ್ಲಿ ರೈತರು ತಮ್ಮ ಖಾಲಿ ಹೊಲದಲ್ಲಿ ವಾಹನ ನಿಲ್ಲಿಸಲು ಹಣ ಕೇಳಿದರೆ ಒಪ್ಪುವುದು ಬಿಡುವುದು ಸವಾರರ ಇಚ್ಛೆ. ಒಳಹೋಗುವ ಮುನ್ನವೇ ದರ ತಿಳಿದುಕೊಳ್ಳುವುದು ಲೇಸು. ಹೊರಬರುವಾಗ ದರ ಏರಿಸಿದರೆ ಅದನ್ನು ಪ್ರಶ್ನಿಸಬಹುದು. ಒಪ್ಪಂದವಾದದ್ದು ಮೊದಲು ಹೇಳಿದ ದರಕ್ಕೆ.

ನಾಲ್ಕನೆಯದು ಮಾಲ್, ಚಿತ್ರಮಂದಿರ, ಆಸ್ಪತ್ರೆಗಳ ಆವರಣ. ವಿವಾದ ಹೆಚ್ಚಾಗಿರುವುದು ಇಲ್ಲಿಯೇ.

ಮಾಲ್‌ಗಳ ಶುಲ್ಕ: ನ್ಯಾಯಾಲಯಗಳ ಭಿನ್ನ ನಿಲುವು

ವಾಣಿಜ್ಯ ಕಟ್ಟಡಕ್ಕೆ ಪರವಾನಗಿ ಸಿಗಬೇಕಾದರೆ ನಕ್ಷೆಯಲ್ಲಿ ನಿಗದಿತ ಪ್ರಮಾಣದ ನಿಲುಗಡೆ ಜಾಗ ತೋರಿಸುವುದು ಕಡ್ಡಾಯ. ಕಾನೂನು ಕಡ್ಡಾಯಗೊಳಿಸಿದ ಸೌಲಭ್ಯಕ್ಕೆ ಗಿರಾಕಿಯಿಂದ ಪ್ರತ್ಯೇಕ ಹಣ ಪಡೆಯಬಹುದೇ ಎಂಬುದು ವಿವಾದದ ತಿರುಳು.

ತೆಲಂಗಾಣ ಸರ್ಕಾರ 2018ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿ, ಮಾಲ್ ಮತ್ತು ಮಲ್ಟಿಪ್ಲೆಕ್ಸ್‌ಗಳಲ್ಲಿ ಮೊದಲ 30 ನಿಮಿಷ ಎಲ್ಲರಿಗೂ ನಿಲುಗಡೆ ಉಚಿತವೆಂದು ಪ್ರಕಟಿಸಿತು. ಖರೀದಿಯ ರಸೀದಿ ಅಥವಾ ಸಿನಿಮಾ ಟಿಕೆಟ್ ತೋರಿಸುವವರಿಗೆ ಆ ನಂತರವೂ ವಿನಾಯಿತಿ ನೀಡಿತು. ಗುಜರಾತ್ ಹೈಕೋರ್ಟ್‌ನ ವಿಭಾಗೀಯ ಪೀಠ 2019ರ ಜುಲೈನಲ್ಲಿ, ಅಲ್ಲಿನ ಅಭಿವೃದ್ಧಿ ನಿಯಂತ್ರಣ ನಿಯಮಗಳಡಿ ಮಾಲ್‌ಗಳು ನಿಲುಗಡೆ ಶುಲ್ಕ ಪಡೆಯುವಂತಿಲ್ಲ ಎಂದು ತೀರ್ಪಿತ್ತಿತು.

ಕೇರಳದಲ್ಲಿ ಬೇರೆಯೇ ಫಲಿತಾಂಶ ಬಂದಿದೆ. ಕೊಚ್ಚಿಯ ಲುಲು ಮಾಲ್ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್ 2022ರ ಜನವರಿಯಲ್ಲಿ, ಶುಲ್ಕ ಪಡೆಯುವ ಹಕ್ಕು ಮೇಲ್ನೋಟಕ್ಕೆ ಕಾಣುವುದಿಲ್ಲ ಎಂದು ಅಭಿಪ್ರಾಯಪಟ್ಟಿತ್ತು. ಆದರೆ 2025ರಲ್ಲಿ ಅದೇ ಪ್ರಕರಣದ ಅಂತಿಮ ತೀರ್ಮಾನ ಮಾಲ್ ಪರವಾಗಿ ಬಂತು.

ಇವೆಲ್ಲ ಆಯಾ ರಾಜ್ಯದ ಕಟ್ಟಡ ನಿಯಮಗಳನ್ನು ಆಧರಿಸಿದ ತೀರ್ಮಾನಗಳು. ಬೇರೆ ರಾಜ್ಯದ ಹೈಕೋರ್ಟ್ ತೀರ್ಪನ್ನು ಕರ್ನಾಟಕದಲ್ಲಿ ವಾದಕ್ಕೆ ಆಧಾರವಾಗಿ ಮುಂದಿಡಬಹುದೇ ಹೊರತು, ಅದು ಇಲ್ಲಿನ ಅಧಿಕಾರಿಗಳನ್ನು ತಾನಾಗಿಯೇ ಕಟ್ಟಿಹಾಕುವುದಿಲ್ಲ. 'ಮಾಲ್‌ಗಳಲ್ಲಿ ಶುಲ್ಕ ಕೊಡಬೇಕಾಗಿಯೇ ಇಲ್ಲ, ಸುಪ್ರೀಂ ಕೋರ್ಟ್ ಆದೇಶವಿದೆ' ಎಂಬರ್ಥದ ಮೊಬೈಲ್ ಸಂದೇಶಗಳನ್ನು ನಂಬಿ ಗೇಟಿನಲ್ಲಿ ಜಗಳಕ್ಕೆ ನಿಲ್ಲುವುದು ಸೂಕ್ತವಲ್ಲ. ಮಂಜೂರಾದ ನಕ್ಷೆಯಲ್ಲಿ ನಿಲುಗಡೆಗೆಂದು ತೋರಿಸಿದ ಜಾಗ ಅದೇ ಉದ್ದೇಶಕ್ಕೆ ಬಳಕೆಯಾಗುತ್ತಿದೆಯೇ ಎಂದು ಸ್ಥಳೀಯ ಸಂಸ್ಥೆಯನ್ನು ಕೇಳುವುದು ಹೆಚ್ಚು ಪರಿಣಾಮಕಾರಿ.

ಚಕ್ರಕ್ಕೆ ಬೀಗ ಹಾಕುವವರಾರು?

ನಿಲುಗಡೆ ನಿಷೇಧಿಸಿದ ಸ್ಥಳದಲ್ಲಿ ನಿಲ್ಲಿಸಿದ ಅಥವಾ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆಗೂ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎತ್ತಿ ಸಾಗಿಸಲು, ಚಕ್ರಕ್ಕೆ ಬೀಗ ಹಾಕಲು ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಅವಕಾಶ ನೀಡುತ್ತದೆ. ಆದರೆ ಅದಕ್ಕೆ ಆದೇಶಿಸಬೇಕಾದವರು ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿ. ಹೀಗೆ ಕ್ರಮಬದ್ಧವಾಗಿ ಎತ್ತಿಸಿದಾಗ ಸಾಗಣೆ ವೆಚ್ಚ ಮಾಲೀಕರ ಮೇಲೆಯೇ ಬೀಳುತ್ತದೆ.

ಖಾಸಗಿ ಟೋಯಿಂಗ್ ವಾಹನಗಳ ವರ್ತನೆ ಬಗ್ಗೆ ಬೆಂಗಳೂರಿನಲ್ಲಿ ದೂರುಗಳು ಹೆಚ್ಚಿದಾಗ, 2022ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅಲ್ಲಿ ಟೋಯಿಂಗ್ ವ್ಯವಸ್ಥೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಪೊಲೀಸರ ಅಧಿಕಾರವನ್ನು ಗುತ್ತಿಗೆಯ ಸಿಬ್ಬಂದಿ ಚಲಾಯಿಸುವಂತಾದರೆ ಜನರ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅದು ನಿದರ್ಶನ.

ಖಾಸಗಿ ಆವರಣದಲ್ಲಿ ಕಾವಲುಗಾರರು ಚಕ್ರಕ್ಕೆ ಬೀಗ ಜಡಿದು ಹಣ ಕೇಳಲು ಈ ಕಲಂ ಆಧಾರವಾಗದು. ಹೋಗಲು ಹಕ್ಕುಳ್ಳ ದಿಕ್ಕಿನಲ್ಲಿ ವ್ಯಕ್ತಿಯನ್ನು ಹೋಗಗೊಡದೆ ಅಡ್ಡಗಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂ ಪ್ರಕಾರ ಅಕ್ರಮ ತಡೆ ಎನಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯಡಿ ಅದಕ್ಕೆ ಒಂದು ತಿಂಗಳವರೆಗೆ ಸಾದಾ ಸಜೆ, 5,000 ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಸವಾರರಿಗೂ ಕರ್ತವ್ಯವಿದೆ. ಇತರರಿಗೆ ಅಪಾಯ, ಅಡಚಣೆ ಆಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಿಡುವುದನ್ನು ಇದೇ ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ಆಸ್ಪತ್ರೆಯ ತುರ್ತು ದ್ವಾರಕ್ಕೆ ಅಡ್ಡವಾಗಿ ಕಾರು ನಿಲ್ಲಿಸಿದವರಿಗೆ ಯಾವ ಹಕ್ಕಿನ ಮಾತೂ ನೆರವಿಗೆ ಬಾರದು. ಪೊಲೀಸರು ಹಾಕಿದ ದಂಡ ಸರಿಯಲ್ಲ ಎನಿಸಿದರೆ ರಸ್ತೆಯಲ್ಲಿ ವಾದಿಸುವ ಬದಲು, ಸ್ಥಳದಲ್ಲಿ ಹಣ ಕಟ್ಟದೆ ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಬಹುದು.

'ಮಾಲೀಕರೇ ಹೊಣೆ' ಎಂದು ಬರೆದರೆ ಸಾಕೇ?

ಬೈಕೇ ಜೀವನಾಧಾರವಾದ ಕುಟುಂಬಕ್ಕೆ ನಿಲುಗಡೆ ಜಾಗದಲ್ಲಿ ಅದು ಕಳುವಾಗುವುದು ದೊಡ್ಡ ಹೊಡೆತ. ಆಗ ಚೀಟಿಯ ಹಿಂದಿನ ಒಂದು ಸಾಲು ತೋರಿಸಿ ವಸೂಲಿದಾರರು ಕೈತೊಳೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2019ರ ನವೆಂಬರ್ 14ರಂದು ಮಹತ್ವದ ಉತ್ತರ ನೀಡಿದೆ.

ಪ್ರಕರಣ ದೆಹಲಿಯದು. 1998ರ ಆಗಸ್ಟ್ 1ರಂದು ತಾಜ್ ಮಹಲ್ ಹೋಟೆಲಿಗೆ ಬಂದ ಗ್ರಾಹಕರೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ಹೋಟೆಲಿನ ಸಿಬ್ಬಂದಿಗೆ ಕೊಟ್ಟಿದ್ದರು. ಹೊರಬಂದು ನೋಡಿದರೆ ಕಾರನ್ನು ಬೇರೆ ಯಾರೋ ಒಯ್ದಿದ್ದರು. ವಿಮಾ ಕಂಪನಿ ಮಾಲೀಕರಿಗೆ ಪರಿಹಾರ ಕೊಟ್ಟು, ಬಳಿಕ ಅವರೊಂದಿಗೆ ಸೇರಿ ಹೋಟೆಲಿನ ವಿರುದ್ಧ ಗ್ರಾಹಕ ಆಯೋಗದ ಮೆಟ್ಟಿಲೇರಿತು. ವಾಹನ ಮಾಲೀಕರ ಹೊಣೆಯಲ್ಲಿದೆ ಎಂದು ಟೋಕನ್‌ನಲ್ಲಿ ಮುದ್ರಿಸಿದ್ದನ್ನೇ ಹೋಟೆಲು ಆಧಾರವಾಗಿಟ್ಟುಕೊಂಡಿತ್ತು.

ನ್ಯಾಯಮೂರ್ತಿಗಳಾದ ಮೋಹನ ಶಾಂತನಗೌಡರ ಮತ್ತು ಅಜಯ್ ರಸ್ತೋಗಿ ಅವರ ಪೀಠ ಈ ವಾದವನ್ನು ಒಪ್ಪಲಿಲ್ಲ. ತೀರ್ಪು ಬರೆದವರು ಮುಂಡಗೋಡದ ನೆರೆಯ ಹಾವೇರಿ ಜಿಲ್ಲೆಯ ಚಿಕ್ಕೇರೂರು ಮೂಲದ ಶಾಂತನಗೌಡರ (ಅವರು 2021ರಲ್ಲಿ ನಿಧನರಾದರು). ಕೀಲಿ ಪಡೆದು ವಾಹನ ವಶಕ್ಕೆ ತೆಗೆದುಕೊಂಡ ಮೇಲೆ ಅದನ್ನು ಸುರಕ್ಷಿತವಾಗಿ ಹಿಂದಿರುಗಿಸುವ ಹೊಣೆ ಹೋಟೆಲಿನದು. ಹಿಂದಿರುಗಿಸಲಾಗದಿದ್ದರೆ ತನ್ನ ಕಡೆಯಿಂದ ನಿರ್ಲಕ್ಷ್ಯವಾಗಿಲ್ಲ ಎಂದು ಹೋಟೆಲೇ ತೋರಿಸಬೇಕು. ಅದನ್ನು ತೋರಿಸದೆ ಟೋಕನ್‌ನ ಷರತ್ತಿನ ಮೊರೆ ಹೋಗುವಂತಿಲ್ಲ. ವಾಹನ ನಿಲ್ಲಿಸಿಕೊಡುವ ಸೇವೆ ಉಚಿತವೆಂದು ಹೇಳಿದರೂ ಅದರ ಬೆಲೆ ಊಟ, ಕೋಣೆಗಳ ದರದಲ್ಲಿ ಸೇರಿರುತ್ತದೆ ಎಂಬುದು ತೀರ್ಪಿನ ಸಾರ.

ಈ ತೀರ್ಪಿನ ಮಿತಿಯನ್ನೂ ಅರಿತಿರಬೇಕು. ಅಲ್ಲಿ ಕೀಲಿ ಹೋಟೆಲಿನ ಕೈಯಲ್ಲಿತ್ತು. ಸವಾರರು ತಾವೇ ವಾಹನ ನಿಲ್ಲಿಸಿ, ಬೀಗ ಹಾಕಿ, ಕೀಲಿ ಜೇಬಿಗಿಳಿಸಿದ್ದರೆ ವಾಹನ ವಶಕ್ಕೆ ಕೊಟ್ಟರೇ ಅಥವಾ ಬರೀ ಜಾಗ ಬಾಡಿಗೆಗೆ ಪಡೆದರೇ ಎಂಬ ಪ್ರಶ್ನೆ ಏಳುತ್ತದೆ. ಸಂಖ್ಯೆಯುಳ್ಳ ಚೀಟಿ, ಕಾವಲುಗಾರ, ಹೊರಬಿಡುವಾಗ ಚೀಟಿ ತಪಾಸಣೆ ಇವೆಲ್ಲ ಇದ್ದಲ್ಲಿ ಸವಾರರ ವಾದಕ್ಕೆ ಬಲ ಹೆಚ್ಚು. ಕಳುವಾದ ತಕ್ಷಣ ಪೊಲೀಸರಿಗೆ ದೂರು ನೀಡಿ, ವಿಳಂಬಿಸದೆ ವಿಮಾ ಕಂಪನಿಗೂ ತಿಳಿಸಬೇಕು.

ಸ್ಥಳದಲ್ಲೇ ಮಾಡಬೇಕಾದ್ದು

ಹಣ ಕೊಟ್ಟರೆ ರಸೀದಿ ಪಡೆಯಲೇಬೇಕು. ನೀಡಿದ ಸೇವೆಗೆ ಬಿಲ್ ಅಥವಾ ರಸೀದಿ ಕೊಡದಿರುವುದನ್ನೇ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 2(47)ನೇ ಕಲಂ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ರಸೀದಿಯಲ್ಲಿ ವಸೂಲಿದಾರರ ಹೆಸರು, ದರ, ದಿನಾಂಕ, ವೇಳೆ ಮತ್ತು ವಾಹನ ಸಂಖ್ಯೆ ಇವೆಯೇ ನೋಡಬೇಕು. ಜಿಎಸ್‌ಟಿ ಹೆಸರಿನಲ್ಲಿ ಹಣ ಪಡೆದಿದ್ದರೆ ನೋಂದಣಿ ಸಂಖ್ಯೆಯೂ ಇರಬೇಕು.

ದರಫಲಕದ, ಸ್ಥಳದ ಮತ್ತು ವಾಹನ ನಿಂತ ರೀತಿಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ನಗದಿನ ಬದಲು ಯುಪಿಐ ಮೂಲಕ ಪಾವತಿಸಿದರೆ ಹಣ ಯಾರ ಖಾತೆಗೆ ಹೋಯಿತು ಎಂಬುದಕ್ಕೆ ದಾಖಲೆ ಉಳಿಯುತ್ತದೆ. ಸ್ಥಳೀಯ ಸಂಸ್ಥೆಯ ಗುತ್ತಿಗೆ ಎಂದು ಹೇಳಿದರೆ ಆದೇಶದ ಪ್ರತಿ ತೋರಿಸುವಂತೆ ಸೌಜನ್ಯದಿಂದಲೇ ಕೇಳಬಹುದು. ಬಿಸಿಲಲ್ಲಿ ನಿಂತು ವಸೂಲಿ ಮಾಡುವವರು ಹೆಚ್ಚಾಗಿ ದಿನಗೂಲಿ ನೌಕರರು. ದರ ನಿಗದಿ ಅವರ ಕೈಯಲ್ಲಿಲ್ಲ ಎಂಬುದನ್ನು ಮರೆಯಬಾರದು.

ಗೇಟು ತೆರೆಯದೆ ಸತಾಯಿಸಿದರೆ ತಡೆಕಂಬ ಮುರಿದು ಹೊರಡುವ ಸಾಹಸ ಬೇಡ. ಅದು ಸವಾರರ ಮೇಲೆಯೇ ಪ್ರಕರಣಕ್ಕೆ ದಾರಿಯಾದೀತು. ತುರ್ತಿದ್ದರೆ 'ಆಕ್ಷೇಪಣೆಯೊಂದಿಗೆ ಪಾವತಿಸಿದೆ' ಎಂದು ರಸೀದಿಯಲ್ಲಿ ಬರೆದು ಹಣ ಕೊಟ್ಟು, ಆ ಬಳಿಕ ದೂರು ನೀಡುವುದು ಜಾಣತನ. ಬೆದರಿಕೆ, ಹಲ್ಲೆಯ ಸಂದರ್ಭವಾದರೆ 112ಕ್ಕೆ ಕರೆ ಮಾಡಬೇಕು.

ದೂರು ಎಲ್ಲಿ, ಹೇಗೆ?

ಮೊದಲು ನಿಲುಗಡೆ ನಡೆಸುವವರಿಗೆ ಲಿಖಿತ ಆಕ್ಷೇಪಣೆ ಕಳುಹಿಸಿ ಹಣ ವಾಪಸು ಕೇಳಬೇಕು. ಸ್ಥಳೀಯ ಸಂಸ್ಥೆಯ ಜಾಗವಾದರೆ ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರಿಗೆ, ಗ್ರಾಮ ಪಂಚಾಯಿತಿಯಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಗುತ್ತಿಗೆಯ ಕರಾರುಪತ್ರ, ಅನುಮೋದಿತ ದರಪಟ್ಟಿ, ಕಟ್ಟಡದ ಮಂಜೂರಾತಿ ನಕ್ಷೆಯ ಪ್ರತಿಗಳನ್ನು ಮಾಹಿತಿ ಹಕ್ಕು ಕಾಯ್ದೆ 2005ರಡಿ ಕೇಳಬಹುದು. ಅರ್ಜಿ ಶುಲ್ಕ 10 ರೂ.; ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳೊಳಗಿರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲೂ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಉತ್ತರ ಕನ್ನಡದ ಆಯೋಗ ಇರುವುದು ಕಾರವಾರದಲ್ಲಿ. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಕಾಯ್ದೆ ಸವಾರರಿಗೆ ದೊಡ್ಡ ಅನುಕೂಲವನ್ನೇ ಮಾಡಿಕೊಟ್ಟಿದೆ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹೆಚ್ಚು ಹಣ ತೆತ್ತ ಮುಂಡಗೋಡದ ಸವಾರರು ಆ ಊರುಗಳಿಗೆ ಅಲೆಯಬೇಕಿಲ್ಲ. ಅಂತರ್ಜಾಲದ ಮೂಲಕ, 2025ರಲ್ಲಿ ಆರಂಭವಾದ ಇ-ಜಾಗೃತಿ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಅನುಮತಿ ಕೋರಲೂ ಅವಕಾಶವಿದೆ. ಹೀಗಾಗಿ ಪ್ರತಿ ಬಾರಿ ಘಟ್ಟ ಇಳಿಯುವ ಶ್ರಮ ತಪ್ಪಬಹುದು.

ಸೇವೆಗೆ ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ಘಟನೆ ನಡೆದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಹಣ ವಾಪಸಾತಿ, ಪರಿಹಾರ, ವ್ಯಾಜ್ಯದ ಖರ್ಚು ಕೊಡಿಸುವುದರ ಜತೆಗೆ ಅನುಚಿತ ಪದ್ಧತಿಯನ್ನೇ ನಿಲ್ಲಿಸುವಂತೆ ಆಯೋಗ ಆದೇಶಿಸಬಹುದು. ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಉಚಿತ ಕಾನೂನು ನೆರವಿಗೆ ಕಾನೂನು ಸೇವೆಗಳ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು.

ಬ್ರಿಟನ್ನಿನ ಪಾಠ

ಖಾಸಗಿ ನಿಲುಗಡೆ ಕಂಪನಿಗಳು ಮನೆಗೇ ನೋಟಿಸು ಕಳುಹಿಸುವ ಪದ್ಧತಿ ಬ್ರಿಟನ್ನಿನಲ್ಲಿ ಬೇರೂರಿದೆ. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಇದು ಹೊಸತೇನಲ್ಲ. ಅಲ್ಲಿ ಕೂಡ ಖಾಸಗಿ ನೋಟಿಸು ದಂಡವಲ್ಲ, ಒಪ್ಪಂದ ಮುರಿದುದಕ್ಕೆ ಕೇಳುವ ಹಣ. ಆದರೆ 2 ಗಂಟೆ ಉಚಿತವಿದ್ದ ಜಾಗದಲ್ಲಿ 56 ನಿಮಿಷ ಹೆಚ್ಚು ನಿಂತ ಬ್ಯಾರಿ ಬೀವಿಸ್ ಎಂಬುವರು 85 ಪೌಂಡ್ ಕೇಳಿದ ಪಾರ್ಕಿಂಗ್‌ಐ ಕಂಪನಿಯೊಂದಿಗೆ ಹೋರಾಡಿ, 2015ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಸೋತರು. ಜಾಗ ಎಲ್ಲರಿಗೂ ಸಿಗುವಂತೆ ನೋಡಿಕೊಳ್ಳುವುದು ನ್ಯಾಯವಾದ ಹಿತಾಸಕ್ತಿ, ಮೊತ್ತ ಅತಿಯಾದುದಲ್ಲ, ಫಲಕ ಸ್ಪಷ್ಟವಾಗಿತ್ತು ಎಂದು ನ್ಯಾಯಾಲಯ ಹೇಳಿತು. ನಷ್ಟದ ಪ್ರಶ್ನೆಗೆ ಒತ್ತು ಕೊಡುವ ಭಾರತದ ನಿಲುವಿಗೂ ಇದಕ್ಕೂ ಇರುವ ಅಂತರ ಗಮನಾರ್ಹ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು 2012ರ ಅಕ್ಟೋಬರ್‌ನಿಂದ ನಿಷೇಧಿಸಲಾಗಿದೆ. ನೋಟಿಸನ್ನು ಮೊದಲು ಕಂಪನಿಯಲ್ಲೂ, ಅದು ತಿರಸ್ಕರಿಸಿದರೆ ಸ್ವತಂತ್ರ ಮೇಲ್ಮನವಿ ಮಂಡಳಿಯಲ್ಲೂ ಪ್ರಶ್ನಿಸಬಹುದು. ನೋಟಿಸನ್ನು ಕಡೆಗಣಿಸಿ ಕುಳಿತರೆ ವಿಷಯ ನ್ಯಾಯಾಲಯಕ್ಕೆ ಹೋಗುವ ಅಪಾಯವಿದೆ.

ಎರಡೂ ದೇಶಗಳ ಅನುಭವ ಒಂದು ವಿಷಯದಲ್ಲಿ ಕೂಡುತ್ತದೆ. ವ್ಯಾಜ್ಯ ನಿಲ್ಲುವುದು ಅಥವಾ ಬೀಳುವುದು ದಾಖಲೆಯ ಮೇಲೆ. ಫಲಕದಲ್ಲಿ ಏನಿತ್ತು, ಎಷ್ಟು ಕೊಡಲಾಯಿತು, ಯಾರಿಗೆ ಕೊಡಲಾಯಿತು ಎಂಬುದನ್ನು ತೋರಿಸಬಲ್ಲವರಿಗೆ ನ್ಯಾಯ ಹತ್ತಿರ. ಆದ್ದರಿಂದ ಕೈಗೆ ಬಂದ ಚೀಟಿಯನ್ನು ಗೇಟು ದಾಟಿದ ಕೂಡಲೇ ಎಸೆಯುವ ಅಭ್ಯಾಸವನ್ನು ವಾಹನ ಸವಾರರು ಬಿಡಬೇಕು.